ಸೇಬಿನ ಕಪಾಟಿನ ಡಾಗ್ನಿ

ಹೋಲ್ಮ್‌ವಿಕ್‌ನಲ್ಲಿ ಇಬ್ಬರು ಡಾಗ್ನಿಯರಿದ್ದರು. ಬೇಕರಿಯ ಡಾಗ್ನಿ ತೀರಿಕೊಂಡು ಬಹಳ ವರ್ಷವಾಯಿತು. ಉಳಿದವಳು ಸೇಬಿನ ಡಾಗ್ನಿ. ಅವಳ ಹಿತ್ತಲಲ್ಲಿ ಸೇಬಿನ ಮರವೇನೂ ಇಲ್ಲ. ಉತ್ತರ ಸ್ವೀಡನ್ನಿನ ಆ ಕರಾವಳಿಯಲ್ಲಿ ಸೇಬು ಹಣ್ಣಾಗುವ ಮೊದಲೇ ಚಳಿ ಬಂದು ಕೂತಿರುತ್ತದೆ. ಆ ಹೆಸರು ಅವಳಿಗೆ ಬಂದದ್ದು ಗ್ರಂಥಾಲಯದ ಮಕ್ಕಳ ಕೋಣೆಯ ಒಂದು ಕಪಾಟಿನಿಂದ.

ಆ ಕಪಾಟಿನ ಪ್ರತಿ ಪುಸ್ತಕದ ಬೆನ್ನಿಗೂ ಒಂದು ಕೆಂಪು ಸೇಬಿನ ಚೀಟಿ ಅಂಟಿಸಿರುತ್ತಾರೆ. ಕಣ್ಣು ಕಾಣದ ಮಕ್ಕಳು ಬೆರಳಲ್ಲಿ ಮುಟ್ಟಿ ನೋಡುವ ಬಟ್ಟೆಯ ಪುಸ್ತಕ, ಕಿವಿ ಕೇಳದವರಿಗೆ ಕೈಸನ್ನೆಯ ಚಿತ್ರವಿರುವ ಪುಸ್ತಕ, ನಿಧಾನವಾಗಿ ಕಲಿಯುವವರಿಗೆ ಒಂದು ಪುಟಕ್ಕೆ ಒಂದೇ ಮಾತಿರುವ ಪುಸ್ತಕ ಅಲ್ಲಿರುತ್ತವೆ. ಇನ್ನೊಂದು ಬಗೆಯೂ ಉಂಟು. ಗಾಲಿಕುರ್ಚಿಯ ಹುಡುಗನ ಕಥೆ, ಡೌನ್ ಸಿಂಡ್ರೋಮ್ ಇರುವ ತಂಗಿಯ ಕಥೆ, ಹೀಗೆ ಅಣ್ಣಂದಿರು ಅಕ್ಕಂದಿರು ಓದಿಕೊಳ್ಳಲೆಂದು ಬರೆದವು. ಇಂಥ ಕಪಾಟು ಬೇರೆ ಊರುಗಳಲ್ಲೂ ಇವೆ. ಹೋಲ್ಮ್‌ವಿಕ್‌ನದು ಮಾತ್ರ ಡಾಗ್ನಿಯ ಕೈಯಿಂದಲೇ ಬೆಳೆದದ್ದು.

ಡಾಗ್ನಿಯ ಅಪ್ಪ ನದಿಯಲ್ಲಿ ಮರದ ದಿಮ್ಮಿ ತೇಲಿಸುವವನು. ಏಳು ವರ್ಷ ಶಾಲೆಗೆ ಹೋಗಿ, ಹದಿನೇಳಕ್ಕೆ ಅವಳು ನದಿಯ ತಿರುವಿನಲ್ಲಿದ್ದ ದೊಡ್ಡ ಹಳದಿ ಕಟ್ಟಡದ ಬಟ್ಟೆ ತೊಳೆಯುವ ಕೋಣೆಗೆ ಕೆಲಸಕ್ಕೆ ಸೇರಿದಳು. ಬುದ್ಧಿ ಬೆಳೆಯದ ಮಕ್ಕಳನ್ನು ಇಡುವ ಮನೆ ಅದು. ಆ ಕಾಲದಲ್ಲಿ ಡಾಕ್ಟರು ಹೆರಿಗೆಯ ಮಂಚದ ಪಕ್ಕದಲ್ಲೇ ನಿಂತು, ಇದನ್ನು ಇಲ್ಲೇ ಬಿಟ್ಟು ಮನೆಗೆ ಹೋಗಮ್ಮ, ಇನ್ನೊಂದು ಹೆತ್ತುಕೋ ಎಂದು ಹೇಳಿಬಿಡುತ್ತಿದ್ದರು. ತಾಯಂದಿರು ಹೋಗಿಬಿಡುತ್ತಿದ್ದರು. ಬಿಟ್ಟು ಹೋದ ಮಕ್ಕಳ ಅಂಗಿಗೆ ಹೆಸರಿರಲಿಲ್ಲ, ಕಾಲರಿನ ಒಳಗೆ ಕೆಂಪು ದಾರದಲ್ಲಿ ಒಂದು ಸಂಖ್ಯೆ ಹೊಲಿದಿರುತ್ತಿತ್ತು. ಡಾಗ್ನಿಗೆ ಮಕ್ಕಳ ಗುರುತಾಗುವ ಮೊದಲು ಅವರ ಬಟ್ಟೆಯ ಗುರುತಾಯಿತು.

ನಲವತ್ತೊಂದು ಎಂಬ ಹುಡುಗಿ ಉರುಳೆಯಲ್ಲಿ ಬಟ್ಟೆ ಒತ್ತುವ ಕೋಣೆಗೆ ಬೆಚ್ಚಗಿರುತ್ತದೆಂದು ಬಂದು ಕೂರುತ್ತಿತ್ತು. ಒಂಬತ್ತು ವರ್ಷವಿರಬಹುದು. ಅದರ ಹೆಸರು ಎಲ್ವಿ ಎಂದು ತಿಳಿಯಲು ಡಾಗ್ನಿಗೆ ನಾಲ್ಕು ತಿಂಗಳು ಹಿಡಿಯಿತು. ಅವಳು ಅಂಚೆಯಲ್ಲಿ ಬಟ್ಟೆ ತರಿಸುವ ಅಂಗಡಿಯ ಒಂದು ಹಳೆಯ ಚಿತ್ರಪಟ್ಟಿ ತಂದುಕೊಟ್ಟಳು. ಎಲ್ವಿ ಕೋಟಿನ ಚಿತ್ರದ ಮೇಲೆ ಬೆರಳಿಟ್ಟು, ತನ್ನ ತೋಳನ್ನು ಎಳೆದು ತೋರಿಸಿದಳು. ಬೂಟಿನ ಮೇಲೆ ಬೆರಳಿಟ್ಟು ಕಾಲು ಎತ್ತಿದಳು. ಮೂರು ದಿನ ಅದೇ ಆಟ. ನಾಲ್ಕನೆಯ ದಿನ ಮೇಲ್ವಿಚಾರಕಿ ಬಂದು, “ಇವಕ್ಕೆ ಪುಸ್ತಕ ಕೊಟ್ರೆ ತಿಂದು ಹಾಕ್ತವೆ” ಎಂದು ಹೇಳಿ ಅದನ್ನು ಒಲೆಗೆ ಹಾಕಿದಳು. ಡಾಗ್ನಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟು ಗೊತ್ತಿರಲಿಲ್ಲ. ಮುಂದಿನ ವರ್ಷ ಎಲ್ವಿಯನ್ನು ಬೇರೆ ಕಡೆ ಕಳಿಸಿದರು. ಎಲ್ಲಿಗೆ ಎಂದು ಬಟ್ಟೆ ತೊಳೆಯುವವರಿಗೆ ಯಾರು ಹೇಳುತ್ತಾರೆ?

ಆಮೇಲೆ ಮರ ಕೊಯ್ಯುವ ಕಾರ್ಖಾನೆಯ ಆರ್ನೆಯನ್ನು ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು, ಗ್ರಂಥಾಲಯಕ್ಕೆ ನೆಲ ಒರೆಸುವ ಕೆಲಸಕ್ಕೆ ಬಂದಳು. ನೆಲ ಒರೆಸಿದ ಮೇಲೆ ಸುಮ್ಮನೆ ಕೂರದೆ ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದಳು. ಗ್ರಂಥಪಾಲಕಿ ಅಗ್ನೇತಾ ಅದನ್ನು ನೋಡಿ ಅವಳನ್ನು ಪೊರಕೆಯಿಂದ ಮೇಜಿಗೆ ತಂದು ಕೂರಿಸಿದಳು. ಸೇಬಿನ ಕಪಾಟು ಮಾಡಿರೆಂದು ಮೇಲಿನಿಂದ ಕಾಗದ ಬಂದಾಗ, “ಕೊಳ್ಳೋಕೆ ಸಿಗೋದು ಆರೇ ಪುಸ್ತಕ. ಉಳಿದದ್ದು ನೀನು ಹೊಲಿ” ಎಂದಳು. ಡಾಗ್ನಿ ಹೊಲಿದಳು. ತೊಗಲಿನ ಹುರುಪೆಯ ಮೀನು, ಜಿಪ್ ಎಳೆದರೆ ಬಾಯಿ ತೆರೆಯುವ ಮೊಸಳೆ, ಗುಂಡಿ ಹಾಕುವ ಕೋಟು. ಕಣ್ಣು ಕಾಣುವ ಮಕ್ಕಳೂ ಬಂದು ಅದಕ್ಕೇ ಕಿತ್ತಾಡತೊಡಗಿದರು.

ಬರೆದ ಪುಸ್ತಕಗಳ ವಿಷಯಕ್ಕೆ ಬಂದರೆ ಅವಳು ತಾನೇ ಒಂದು ಪರೀಕ್ಷೆ ಇಟ್ಟಿದ್ದಳು. ಹೊಸ ಪುಸ್ತಕವನ್ನು ನೆಲಮಾಳಿಗೆಗೆ ಒಯ್ದು ಗಟ್ಟಿಯಾಗಿ ಓದುವಳು. ಮೊದಲ ಪುಟದಲ್ಲೇ ತಾಯಿ ಅಳುವ ಪುಸ್ತಕ ಮೇಲಿನ ಅಟ್ಟಕ್ಕೆ. ಡಾಕ್ಟರೇ ಎಲ್ಲ ಮಾತಾಡುವ ಪುಸ್ತಕ ದೊಡ್ಡವರ ಕೋಣೆಗೆ. ಆ ಮಗುವಿಗೆ ಬೇಕಾದದ್ದು, ಬೇಡವಾದದ್ದು, ಅದು ಮಾಡುವ ತಂಟೆ, ಇವೆಲ್ಲ ಇದ್ದರೆ ಮಾತ್ರ ಮಕ್ಕಳ ಕೈಗೆ ಎಟಕುವ ಸಾಲಿಗೆ.

ಮತ್ತೆ ಅವಳು ಗುಟ್ಟು ಕಾಯುವುದರಲ್ಲಿ ಹೆಸರಾದವಳು. ಹಾಸಿಗೆ ಒದ್ದೆ ಮಾಡುವ ಮಗುವಿನ ಪುಸ್ತಕ ಯಾರು ಒಯ್ದರು, ಕುಡುಕ ಅಪ್ಪನ ಪುಸ್ತಕ ಯಾರು ಒಯ್ದರು ಎಂದು ಗಂಡನಿಗೂ ಹೇಳಿದವಳಲ್ಲ. ಆ ಕಡೆಯವರೇ ಹಾಗೆ. ಹೌದು ಎನ್ನುವುದಕ್ಕೂ ಬಾಯಿ ತೆರೆಯದೆ ಸರ್ರನೆ ಉಸಿರು ಒಳಗೆಳೆದು ಮುಗಿಸುವ ಜನ. ಆ ಜನರ ನಡುವೆಯೂ ಡಾಗ್ನಿ ಮಿತಭಾಷಿ ಎನ್ನಿಸಿಕೊಂಡಿದ್ದಳು. ಆ ಮಾರ್ಚ್ ತಿಂಗಳಲ್ಲಿ ಅವಳಿಗೆ ಅರವತ್ತೊಂದು.

ಸೋಮವಾರ ಕಾಫಿಯ ಹೊತ್ತಿಗೆ ಫೋನ್ ಬಂತು. ಮಾಲಿನ್ ಲೂಂಡ್‌ಮಾರ್ಕ್. ಅವಳು ಎರಡನೆಯ ಹೆರಿಗೆಗೆ ಹೋದವಳು ಇನ್ನೂ ಮೂರು ಗಂಟೆ ದಾರಿಯ ದೊಡ್ಡಾಸ್ಪತ್ರೆಯಲ್ಲೇ ಇದ್ದಳು. ಮಗುವಿನ ಹೃದಯದಲ್ಲಿ ತೂತು, ಶಸ್ತ್ರಚಿಕಿತ್ಸೆ ಆಗಿದೆ ಎಂಬುದು ಊರಿಗೆಲ್ಲ ಗೊತ್ತು.

“ಡಾಗ್ನಿ, ನಿಮ್ಮ ಪಕ್ಕದಲ್ಲಿ ಯಾರಾದ್ರೂ ಇದಾರಾ?”

“ಇಲ್ಲ. ಅಗ್ನೇತಾ ಕಾಫಿಗೆ ಹೋಗಿದಾಳೆ. ಹೇಳು.”

“ಹೃದಯ ಒಂದೇ ಅಲ್ಲ. ನಮ್ಮ ಪಾಪು ಟೂವಾಗೆ ಡೌನ್ ಸಿಂಡ್ರೋಮ್ ಇದೆ.” ಮಾಲಿನ್ ಅದನ್ನು ಸರಾಗವಾಗಿ ಹೇಳಿದಳು, ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡವಳ ಹಾಗೆ. “ನನಗೂ ಪೇರ್‌ಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಪೇರ್‌ನ ಅಮ್ಮಂಗೂ ಹೇಳಿಲ್ಲ. ಮೊದಲು ಹಿಯಾಲ್ಮರ್‌ಗೆ ಹೇಳ್ಬೇಕು ಅಂತಿದೀವಿ.”

ಹಿಯಾಲ್ಮರ್ ಅವಳ ಮತ್ತು ಗಂಡ ಪೇರ್‌ನ ಮೊದಲ ಮಗ. ಐದು ವರ್ಷದವನು. ತಾಯಿತಂದೆ ಆಸ್ಪತ್ರೆಯಲ್ಲಿದ್ದಾಗ ಅಜ್ಜಿ, ಅಂದರೆ ಪೇರ್‌ನ ತಾಯಿ ಸ್ವೇಯಾಳ ಮನೆಯಲ್ಲಿದ್ದ.

“ಶುಕ್ರವಾರ ಮನೆಗೆ ಬರ್ತೀವಿ. ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು ಓದಿ ಹೇಳೋ ಪುಸ್ತಕ ಬೇಕು ಡಾಗ್ನಿ. ಅಜ್ಜಿ ಅಳೋದು ಮೊದಲು ನೋಡಿಬಿಟ್ರೆ ಮುಗೀತು. ತಂಗಿ ಅಂದ್ರೆ ಅಳೋ ವಿಷಯ ಅಂತ ಅವನ ತಲೇಲಿ ಕೂತುಬಿಡುತ್ತೆ. ಆಮೇಲೆ ನಾನು ಏನು ಓದಿದ್ರೂ ಅಷ್ಟೇ.”

“ತೆಗೆದಿಡ್ತೀನಿ.”

“ಯಾರಿಗೂ...”

“ಗೊತ್ತು.”

ಡಾಗ್ನಿ ಮೂರು ಪುಸ್ತಕ ಆರಿಸಿದಳು. ಹೆಸರಿನ ಚೀಟಿ ಇಲ್ಲದೆ ಪುಸ್ತಕ ತೆಗೆದಿಡುವ ಪದ್ಧತಿ ಇಲ್ಲವಾದ್ದರಿಂದ ಚೀಟಿಯನ್ನೂ ಸಿಕ್ಕಿಸಿದಳು: ಲೂಂಡ್‌ಮಾರ್ಕ್, ಮಾಲಿನ್. ಮೂರನ್ನೂ ತನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಹೊಲಿಗೆಯ ಬಟ್ಟೆ ತುಂಡುಗಳ ಅಡಿಯಲ್ಲಿ ಇಟ್ಟಳು. ಅಗ್ನೇತಾಳಿಗೆ ಒಂದು ಮಾತೂ ಹೇಳಲಿಲ್ಲ. ಮಾತು ಕೊಟ್ಟ ಮೇಲೆ ಯಾರಿಗೂ ಎಂದರೆ ಅಗ್ನೇತಾಳಿಗೂ ತಾನೆ.

ಗುರುವಾರ ಡಾಗ್ನಿಯ ಪಾಳಿ ಮಧ್ಯಾಹ್ನ ಮೂರಕ್ಕೆ. ಕೋಟು ತೂಗುಹಾಕಿ, ಅಭ್ಯಾಸದಂತೆ ಕೆಳಗಿನ ಖಾನೆ ಎಳೆದಳು. ಬಟ್ಟೆ ತುಂಡುಗಳು ನೀಟಾಗಿ ಬಣ್ಣಬಣ್ಣವಾಗಿ ಮಡಿಸಿಟ್ಟಿದ್ದವು. ಅಡಿಯಲ್ಲಿ ಏನೂ ಇರಲಿಲ್ಲ.

“ಅಗ್ನೇತಾ, ನನ್ನ ಖಾನೇಲಿ...”

“ಅಯ್ಯೋ, ಅದಾ. ಬೆಳಿಗ್ಗೆ ಶಿಶುವಿಹಾರದ ಮಕ್ಕಳು ಬಂದಿದ್ರಲ್ಲ, ಕತ್ತರಿ ಹುಡುಕ್ತಿದ್ದೆ. ನೋಡಿದ್ರೆ ಮಾಲಿನ್ ಹೆಸರಲ್ಲಿ ಮೂರು ಪುಸ್ತಕ ಅಲ್ಲೇ ಬಿದ್ಕೊಂಡಿವೆ. ನೀನೂ ಮರೆಯೋಕೆ ಶುರು ಮಾಡಿದೆಯಲ್ಲ ಅಂತ ನಗು ಬಂತು.” ಅಗ್ನೇತಾ ಕನ್ನಡಕ ಮೇಲೇರಿಸಿದಳು. “ಅದೃಷ್ಟಕ್ಕೆ ಸ್ವೇಯಾ ಬಂದ್ಲು, ತನ್ನ ಪತ್ತೇದಾರಿ ಕಾದಂಬರಿಗೆ. ಚೀಲಕ್ಕೆ ಹಾಕಿ ಅವಳ ಕೈಗೇ ಕೊಟ್ಟು ಕಳಿಸಿದೆ.”

ಆ ಊರಿನಲ್ಲಿ ಹಾಗೇ. ಸೊಸೆಯ ಪುಸ್ತಕ ಅತ್ತೆ ಒಯ್ಯುತ್ತಾಳೆ, ಗಂಡನದು ಹೆಂಡತಿ ಒಯ್ಯುತ್ತಾಳೆ, ಯಾರೂ ಕಾರ್ಡು ಕೇಳುವುದಿಲ್ಲ. ಡಾಗ್ನಿಯೂ ಇಪ್ಪತ್ತಾರು ವರ್ಷ ಅದನ್ನೇ ಮಾಡಿದವಳು. ಅವಳಿಗೆ ಅಗ್ನೇತಾಳ ಮೇಲೆ ಸಿಟ್ಟು ಬರಲಿಲ್ಲ. ಗೋಡೆಯ ಗಡಿಯಾರ ನೋಡಿದಳು.

“ಎಷ್ಟು ಹೊತ್ತಾಯ್ತು?”

“ಹತ್ತೂವರೆ. ಯಾಕೆ, ಏನಾಯ್ತು?”

ಸ್ವೇಯಾಳ ಮನೆಯ ದಿನಚರಿ ಗಡಿಯಾರದಂಥದ್ದು. ಐದಕ್ಕೆ ಊಟ, ಪಾತ್ರೆ ತೊಳೆದು ಮೊಮ್ಮಗನಿಗೆ ಓದು. ಎತ್ತರದ ದನಿ. ಓದುವಾಗ ಮುಂದಿನ ಪುಟ ನೋಡಿಕೊಳ್ಳುವ ಅಭ್ಯಾಸವಿಲ್ಲ, ಬಂದದ್ದನ್ನು ಓದಿಬಿಡುತ್ತಾಳೆ. ಎರಡನೆಯ ಪುಸ್ತಕದ ಮೂರನೆಯ ಸಾಲಿನಲ್ಲಿ ‘ನನ್ನ ತಂಗಿಗೆ ಡೌನ್ ಸಿಂಡ್ರೋಮ್ ಇದೆ’ ಎಂದಿದೆ. ಅಲ್ಲಿಗೆ ಬಂದಾಗ ಸ್ವೇಯಾಳ ದನಿ ನಿಲ್ಲುತ್ತದೆ. ಹುಡುಗ ತಲೆಯೆತ್ತಿ ಅವಳ ಮುಖ ನೋಡುತ್ತಾನೆ.

ಇನ್ನೊಂದು ವಿಷಯವೂ ಡಾಗ್ನಿಗೆ ಮರೆತಿರಲಿಲ್ಲ. ಹಿಂದೆ ಊರಿಗೆ ಅಂಗವಿಕಲರ ವಸತಿ ಬರುವಾಗ ಚರ್ಚಿನ ಕಾಫಿಕೂಟದಲ್ಲಿ ಸ್ವೇಯಾ ಎಲ್ಲರ ಮುಂದೆ, “ಅಂಥವರಿಗೆ ಅಂಥವರ ಜಾಗ ಅಂತ ಇರುತ್ತೆ” ಎಂದಿದ್ದಳು.

“ನಾನು ಹೋಗ್ಬೇಕು,” ಎಂದಳು ಡಾಗ್ನಿ.

“ಎಲ್ಲಿಗೆ? ಈಗ ತಾನೆ ಬಂದೆ.”

“ಹೇಳೋಕಾಗಲ್ಲ.”

ಅಗ್ನೇತಾ ಅವಳನ್ನು ಒಂದು ಕ್ಷಣ ನೋಡಿದಳು. “ಆರಕ್ಕೆ ಬಾಗಿಲು ಹಾಕಿದ ಮೇಲೆ ಕಾರಲ್ಲಿ ಬಿಡ್ತೀನಿ.”

“ಆರಕ್ಕೆ ತಡವಾಗುತ್ತೆ.”

ಫೋನ್ ಅಲ್ಲೇ ಮೇಜಿನ ಮೇಲಿತ್ತು. ಆಸ್ಪತ್ರೆಯ ವಾರ್ಡಿನ ಸಂಖ್ಯೆ ಅವಳ ಪರ್ಸಿನಲ್ಲಿತ್ತು. ಮಾಲಿನ್‌ಗೆ ಹೇಳಬೇಕು ಎಂದು ಒಂದು ಮನಸ್ಸು. ಚೀಲ ತೆರೆಯುವ ಮೊದಲೇ ಹೋಗಿ ವಾಪಸು ತಂದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಇನ್ನೊಂದು ಮನಸ್ಸು. ಈ ಎರಡನೆಯದು ಅವಳ ಹಳೆಯ ಮನಸ್ಸು, ಅದೇ ಗೆದ್ದಿತು. ಸ್ವೇಯಾಗೂ ಫೋನ್ ಮಾಡಲಿಲ್ಲ. ಚೀಲ ತೆರೀಬೇಡ ಎಂದರೆ ತೆರೆಯದೇ ಇರುವ ಹೆಂಗಸೇ ಅವಳು?

ಕಾರು ಆರ್ನೆಯ ಹತ್ತಿರ, ಆರ್ನೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನಿಗೆ ಕೂತಿದ್ದ. ಡಾಗ್ನಿಗೆ ಕಾರು ಓಡಿಸಲು ಬರುವುದೂ ಇಲ್ಲ. ಅವಳು ತನ್ನ ಒದೆಯುವ ಜಾರುಬಂಡಿ ಹಿಡಿದಳು. ಮುಂದೆ ಸಾಮಾನಿಡುವ ಕುರ್ಚಿ, ಕೆಳಗೆ ಎರಡು ಉದ್ದ ಕಬ್ಬಿಣದ ಪಟ್ಟಿ, ಹಿಂದೆ ನಿಂತು ಒಂದು ಕಾಲಲ್ಲಿ ನೆಲವನ್ನು ಒದೆಯುತ್ತಾ ಹೋಗುವುದು. ರಸ್ತೆಗೆ ಮರಳು ಸುರಿದಿದ್ದರು. ಮರಳಿನ ಮೇಲೆ ಅದು ಜಾರುವುದಿಲ್ಲ, ಕಿರ್ರನೆ ಕಚ್ಚಿಕೊಳ್ಳುತ್ತದೆ. ಸ್ವೇಯಾಳ ಮನೆಗೆ ರಸ್ತೆಯಲ್ಲಿ ಸುತ್ತಿ ಹೋದರೆ ನಾಲ್ಕು ಕಿಲೋಮೀಟರು. ಹೆಪ್ಪುಗಟ್ಟಿದ ಸಮುದ್ರದ ಕೊಲ್ಲಿಯ ಮೇಲೆ ನೇರ ಹೋದರೆ ಒಂದೂವರೆ.

ಚಳಿಗಾಲದ ದಾರಿಯ ಗುರುತಿಗೆ ನೆಟ್ಟ ಮರದ ರೆಂಬೆಗಳು ಇನ್ನೂ ನಿಂತಿದ್ದವು. ಹದಿನೈದನೆಯ ತಾರೀಕಿನ ಮೇಲೆ ಆ ಕಡೆ ಕಾಲಿಡಬೇಡ ಎಂದು ಆರ್ನೆ ಪ್ರತಿ ವರ್ಷ ಹೇಳುತ್ತಾನೆ. ಅಂದು ಹದಿನೇಳು. ಡಾಗ್ನಿ ದಂಡೆಯಲ್ಲಿ ಬಂಡಿ ನಿಲ್ಲಿಸಿ, ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ನೋಡಿದಳು. ಮೇಲೆ ಎರಡು ಬೆರಳು ನೀರು ನಿಂತಿತ್ತು, ಕೆಳಗೆ ಗಟ್ಟಿ ಇದ್ದ ಹಾಗೆ ಕೇಳಿಸಿತು. ಇಳಿದಳು.

ಅರ್ಧ ದಾರಿಯಲ್ಲಿ ಹಿಮ ಒಂದು ಸಲ ಉದ್ದಕ್ಕೆ ಗುಂಯ್ ಎಂದಿತು. ಅದು ದನಿಯಷ್ಟೇ, ಒಡೆದದ್ದಲ್ಲ, ಅವಳಿಗೆ ಅದು ಚಿಕ್ಕಂದಿನಿಂದ ಗೊತ್ತು. ಆದರೂ ಕಾಲು ನಿಂತುಬಿಟ್ಟಿತು. ನಿಂತರೆ ಭಾರ ಒಂದೇ ಕಡೆ ಬೀಳುತ್ತದೆ ಎಂದು ತನಗೆ ತಾನೇ ಬೈದುಕೊಂಡು ಮತ್ತೆ ಒದ್ದಳು. ಕಾಲುಚೀಲ ಒದ್ದೆಯಾಯಿತು. ಸ್ವೇಯಾ ಈಗ ಚೀಲ ಎಲ್ಲಿಟ್ಟಿರುತ್ತಾಳೆ? ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದರೆ ಒಳ್ಳೆಯದು. ಅಡುಗೆಮನೆಯ ಬೆಂಚಿನ ಮೇಲಿಟ್ಟಿದ್ದರೆ ಹುಡುಗನ ಕೈಗೆ ಸಿಗುತ್ತದೆ. ಹುಡುಗನಿಗೆ ಓದಲು ಬರುವುದಿಲ್ಲ. ಚಿತ್ರ ನೋಡಿ, ಇದನ್ನ ಓದು ಅಜ್ಜಿ ಎಂದು ಮಡಿಲಲ್ಲಿ ಇಟ್ಟುಬಿಡುತ್ತಾನೆ. ಸೇಬಿನ ಚೀಟಿ ಕಂಡರೆ ಅವನು ಬಿಡುವವನಲ್ಲ, ಮೊಸಳೆಯ ಜಿಪ್ಪನ್ನು ಎರಡು ಸಲ ಕಿತ್ತು ತಂದವನು ಅವನೇ.

ಸ್ವೇಯಾಳ ಅಂಗಳದಲ್ಲಿ ಹಿಯಾಲ್ಮರ್ ಹಿಮದ ಗುಡ್ಡೆಗೆ ಗುಹೆ ಕೊರೆಯುತ್ತಿದ್ದ. ಹಸಿರು ಟೋಪಿ, ಮೂಗಿನಲ್ಲಿ ಸುರಿಯುವ ನೀರು.

“ಸೇಬಿನ ಡಾಗ್ನಿ, ನೀನು ಕೊಲ್ಲಿ ಮೇಲೆ ಬಂದ್ಯಾ? ಹೋಗ್ಬಾರ್ದು ಅಂತಾರೆ ಅಜ್ಜಿ.”

“ಹೋಗ್ಬಾರ್ದು ನಿಜ. ಅಜ್ಜಿ ಏನ್ಮಾಡ್ತಿದಾರೆ?”

“ಅಡುಗೆ. ನನ್ನ ಹೊರಗೆ ಕಳಿಸಿದ್ರು.”

ಬಾಗಿಲು ತೆರೆದರೆ ಸೀದ ವಾಸನೆ ಬಂತು. ಸ್ವೇಯಾ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಅಡುಗೆ ಮಾಡಿದವಳು. ಗುರುವಾರ ಬಂದರೆ ಆ ಕಡೆ ಎಲ್ಲರ ಮನೆಯಲ್ಲೂ ಬಟಾಣಿ ಸಾರು, ಜಾಮ್ ಹಚ್ಚಿದ ಮೈದಾ ದೋಸೆ. ಅವಳ ಕೈಯಲ್ಲಿ ಆ ಸಾರು ತಳ ಹಿಡಿದದ್ದು ಯಾರೂ ಕಂಡಿಲ್ಲ. ಬಾಗಿಲ ಪಕ್ಕದ ಮೊಳೆ ಖಾಲಿಯಾಗಿತ್ತು.

“ಬೂಟು ತೆಗೆದು ಬಾ. ಕಾಲುಚೀಲಾನೂ ತೆಗಿ, ನೀರು ಸೋರ್ತಿದೆ,” ಎಂದಳು ಸ್ವೇಯಾ ಹಿಂತಿರುಗದೆ. ಅಗಲವಾದ ಬೆನ್ನು. ಚಾಕು ಟಕಟಕ ಆಡುತ್ತಿತ್ತು. “ಅರವತ್ತು ದಾಟಿದವಳು ಕೊಲ್ಲಿ ಮೇಲೆ ಬಂದಿದೀಯ. ಆರ್ನೆಗೆ ಹೊಸ ಹೆಂಡ್ತಿ ಬೇಕು ಅಂತ ಏನಾದ್ರೂ ಹೇಳಿದ್ನಾ?”

“ಅವನಿಗೆ ಇರೋಳೇ ಹೆಚ್ಚು.”

“ಕಾಫಿ ಇದೆ. ನೀನೇ ಬಗ್ಗಿಸ್ಕೋ.”

ಕಾಫಿ ಕುಡಿಯದೆ ಬಂದ ಕೆಲಸ ಹೇಳುವ ಪದ್ಧತಿ ಅಲ್ಲಿಲ್ಲ. ಡಾಗ್ನಿ ಬರಿಗಾಲಲ್ಲಿ ಕೂತು ಕಾಫಿ ಬಗ್ಗಿಸಿಕೊಂಡಳು, ದಾಲ್ಚಿನ್ನಿಯ ಬ್ರೆಡ್ಡಿನ ಒಂದು ತುಂಡು ಮುರಿದು ತಟ್ಟೆಯ ಅಂಚಿಗಿಟ್ಟಳು. ಹಿಮ ಎಷ್ಟು ದಪ್ಪ ಇದೆ ಎಂದು ಮಾತಾಡಿದರು. ಕಣ್ಣು ಮಾತ್ರ ಬೆಂಚು, ಕಿಟಕಿಯ ಕಟ್ಟೆ, ಕುರ್ಚಿಗಳ ಮೇಲೆಲ್ಲ ಓಡಾಡಿತು. ಕೊನೆಗೆ ಫ್ರಿಜ್ಜಿನ ಮೇಲೆ, ಐದು ವರ್ಷದವನ ಕೈಗೆ ಎಟಕದ ಎತ್ತರದಲ್ಲಿ, ಬಟ್ಟೆಯ ಚೀಲ ಕಂಡಿತು. ಅದರ ಮೇಲೆ ಒಂದು ಟವೆಲು ಹೊದಿಸಿತ್ತು.

ಆಗ ಅವಳಿಗೆ ಸ್ವೇಯಾಳ ಮುಂದಿದ್ದ ಹಲಗೆ ಕಾಣಿಸಿತು. ಈರುಳ್ಳಿ, ಗುಡ್ಡೆ ಗುಡ್ಡೆ.

“ಸ್ವೇಯಾ. ಸಾರಿಗೆ ಅಷ್ಟು ಈರುಳ್ಳಿ ಯಾರು ಹಾಕ್ತಾರೆ?”

ಚಾಕು ನಿಂತಿತು. “ಯಾರೂ ಹಾಕಲ್ಲ. ಒಂದೂವರೆ ಕಿಲೋ ಆಯ್ತು.” ಅವಳು ತಿರುಗಿದಳು. ಕಣ್ಣು ಕೆಂಡದಂತಿತ್ತು. “ಅಜ್ಜಿ ಯಾಕೆ ಅಳ್ತಿದೀಯ ಅಂದ. ಈರುಳ್ಳಿ ಅಂದೆ. ಅಂದ ಮೇಲೆ ಹೆಚ್ಚಬೇಕಲ್ಲ. ನಿಂತ್ರೆ ಮತ್ತೆ ಕೇಳ್ತಾನೆ.”

“ಓದಿದೆಯಾ?”

ಸ್ವೇಯಾ ಸರ್ರನೆ ಉಸಿರು ಒಳಗೆಳೆದಳು. ಹೌದು. “ಬಸ್‌ಸ್ಟಾಪಲ್ಲೇ. ಹುಡುಗ ಜೊತೆಗಿರಲಿಲ್ಲ. ಸಂಜೆಗೆ ಯಾವುದು ಓದೋದು ಅಂತ ಸುಮ್ನೆ ತೆಗೆದೆ. ಒಂದರಲ್ಲಿ ಅಂಥ ಮಗು. ಇನ್ನೊಂದು ತೆಗೆದೆ, ಅದರಲ್ಲೂ. ಮೂರನೇದರಲ್ಲೂ. ನಾನೇನು ಪೆದ್ದಿ ಅಲ್ಲ ಡಾಗ್ನಿ. ಮಾಲಿನ್ ಫೋಟೋ ಕಳಿಸ್ತಾನೇ ಇಲ್ಲ, ಮೂರು ವಾರದಿಂದ. ಟೋಪಿ ಹಾಕಿ ಮಲಗಿಸಿದ್ದು ಒಂದು, ಅಷ್ಟೇ.” ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. “ನನಗೆ ಯಾಕೆ ಹೇಳಲಿಲ್ಲ ಅಂತ ಗೊತ್ತು. ಚರ್ಚಲ್ಲಿ ನಾನು ಆಡಿದ ಮಾತು ಅವಳೂ ಕೇಳಿಸ್ಕೊಂಡಿದ್ಲು, ಕಾಫಿ ಹಂಚ್ತಿದ್ಲು ಅವತ್ತು.”

“ಅದಕ್ಕಲ್ಲ. ಹುಡುಗನಿಗೆ ಮೊದಲು ಹೇಳ್ಬೇಕು ಅಂತ.”

“ಅದಕ್ಕೂ ಇರಬಹುದು. ಇದಕ್ಕೂ ಇರಬಹುದು.”

ಕಿಟಕಿಯಾಚೆ ಹಸಿರು ಟೋಪಿ ಗುಹೆಯೊಳಗೆ ಹೋಯಿತು, ಹೊರಗೆ ಬಂತು.

ಸ್ವೇಯಾ ಫ್ರಿಜ್ಜಿನ ಮೇಲಿಂದ ಚೀಲ ಇಳಿಸಿ ಡಾಗ್ನಿಯ ಮಡಿಲಿಗೆ ಇಟ್ಟಳು. “ತಗೊಂಡ್ಹೋಗು. ಎಲ್ಲಿತ್ತೋ ಅಲ್ಲೇ ಇಡು. ನಾನು ನೋಡಿಲ್ಲ, ನೀನು ಬಂದಿಲ್ಲ. ನಾಳೆ ಅವಳು ಹೇಳಿದಾಗ ನನಗೆ ಗೊತ್ತಾಗುತ್ತೆ.”

ಡಾಗ್ನಿಯ ಕೈ ಚೀಲದ ಹಿಡಿ ಹಿಡಿದುಕೊಂಡಿತು. ಅವಳು ಬಂದದ್ದೇ ಇದಕ್ಕೆ. ಎದ್ದು, ಒದ್ದೆ ಕಾಲುಚೀಲ ಹಾಕಿಕೊಂಡು, ಐದರ ಒಳಗೆ ಗ್ರಂಥಾಲಯ ಮುಟ್ಟಬಹುದು. ಬಟ್ಟೆ ತುಂಡಿನ ಅಡಿಗೆ ಇಟ್ಟು ಖಾನೆ ಮುಚ್ಚಿದರೆ ಈ ಗುರುವಾರವೇ ನಡೆಯದ ಹಾಗೆ. ಹುಡುಗನಿಗೂ ಏನೂ ಗೊತ್ತಾಗಿಲ್ಲ. ಎಲ್ಲ ಸರಿ.

ಅವಳು ಏಳಲಿಲ್ಲ.

“ನಾಳೆ ಹೇಳೋವಾಗ ಮಾಲಿನ್ ನಿನ್ನ ಮುಖ ನೋಡ್ತಾಳೆ,” ಎಂದಳು.

“ನೋಡ್ಲಿ.”

“ಹಿಯಾಲ್ಮರೂ ನೋಡ್ತಾನೆ. ಗೊತ್ತಿಲ್ಲದವಳ ಹಾಗೆ ಮುಖ ಮಾಡೋಕೆ ಬರುತ್ತಾ ನಿನಗೆ?”

ಸ್ವೇಯಾ ಯೋಚಿಸಿದಳು. “ಬರಲ್ಲ.”

“ನನಗೂ ಬರಲ್ಲ. ನಾನು ಸುಮ್ನಿರೋದರಲ್ಲಿ ಗಟ್ಟಿ, ಅಷ್ಟೇ. ಸುಮ್ನಿದ್ದು ಸುಮ್ನಿದ್ದೇ ಇಷ್ಟಾಗಿರೋದು. ಅಗ್ನೇತಾಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಈ ಖಾನೆ ಮುಟ್ಟಬೇಡ ಅಂದಿದ್ರೆ ಸಾಕಿತ್ತು, ಯಾಕೆ ಅಂತಾನೂ ಹೇಳ್ಬೇಕಿರಲಿಲ್ಲ.” ಅವಳು ಪರ್ಸು ತೆರೆದು ಚೀಟಿ ಹುಡುಕಿದಳು. ಬೆರಳು ಚಳಿಗೆ ಸೆಟೆದಿದ್ದವು, ಎರಡು ಸಲ ಜಾರಿತು. “ನಿನ್ನ ಫೋನ್ ಕೊಡು.”

“ಅವಳು ನಿನ್ನ ಬೈತಾಳೆ.”

“ಬೈಲಿ.”

“ಆಮೇಲೆ ನಿನ್ನ ಹತ್ತಿರ ಯಾರೂ ಏನೂ ಕೇಳೋಕೆ ಬರಲ್ಲ ಡಾಗ್ನಿ. ಈ ಊರು ನಿನಗೆ ಗೊತ್ತಲ್ಲ.”

ಅದು ಡಾಗ್ನಿಗೂ ಹೊಳೆದಿತ್ತು, ಹಿಮದ ಮೇಲೆಯೇ. ಅವಳು ಸಂಖ್ಯೆ ಒತ್ತಿದಳು. ವಾರ್ಡಿನ ನರ್ಸು ಹುಡುಕಲು ಹೋದಳು. ಕಾರಿಡಾರಿನಲ್ಲಿ ಯಾವುದೋ ಗಾಲಿ ಉರುಳುವ ಸದ್ದು ಬಹಳ ಹೊತ್ತು ಕೇಳಿಸಿತು. ಸ್ವೇಯಾ ಕಿಟಕಿಗೆ ಹೋಗಿ ನಿಂತು, ಹುಡುಗ ಒಳಗೆ ಬರುತ್ತಾನೋ ಎಂದು ಕಾದಳು.

“ಹಲೋ?”

“ಡಾಗ್ನಿ ಮಾತಾಡ್ತಿರೋದು. ಮಗು ಚೆನ್ನಾಗಿದೆ ತಾನೆ? ಮಾಲಿನ್, ಒಂದು ತಪ್ಪಾಗಿದೆ. ನನ್ನಿಂದ.” ಅವಳು ಖಾನೆಯಿಂದ ಶುರುಮಾಡಿ ಬಸ್‌ಸ್ಟಾಪಿನವರೆಗೆ, ಯಾವುದನ್ನೂ ಬಿಡದೆ ಹೇಳಿದಳು. ಜೀವನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ.

ಆ ಕಡೆ ಮಾಲಿನ್ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. 

“ಹಿಯಾಲ್ಮರ್‌ಗೆ?”

“ಅವನಿಗೆ ಗೊತ್ತಿಲ್ಲ. ಹೊರಗಿದಾನೆ. ಇಲ್ಲಿಂದ ಅವನ ಟೋಪಿ ಕಾಣ್ತಿದೆ.”

“ಸ್ವೇಯಾ ಅವನ ಮುಂದೆ ಅತ್ತರಾ?”

ಡಾಗ್ನಿ ಕಿಟಕಿಯ ಕಡೆ ನೋಡಿದಳು. “ಒಂದೂವರೆ ಕಿಲೋ ಈರುಳ್ಳಿ ಹೆಚ್ಚಿದಾಳೆ. ಅವನ ಲೆಕ್ಕದಲ್ಲಿ ಅದು ಈರುಳ್ಳಿ.”

ಮಾಲಿನ್ ಒಂದು ಸದ್ದು ಮಾಡಿದಳು. ನಗುವೋ ಬೇರೇನೋ ಡಾಗ್ನಿಗೆ ತಿಳಿಯಲಿಲ್ಲ. “ಅವರಿಗೆ ಕೊಡಿ.”

ಸ್ವೇಯಾ ಒದ್ದೆ ಕೈಯಲ್ಲೇ ಫೋನ್ ಹಿಡಿದಳು. ಆ ಕಡೆಯಿಂದ ಮಾತು ಬಂದಂತೆ ಇವಳು ಉಸಿರು ಒಳಗೆಳೆದಳು, ಇನ್ನೊಮ್ಮೆ ಎಳೆದಳು, ನಾಲ್ಕು ಸಲ. ಆಮೇಲೆ, “ಅವಳಿಗೆ ಹಾಲು ಕುಡಿಯೋಕೆ ಬರುತ್ತಾ?” ಎಂದಳು. ಸ್ವಲ್ಪ ಹೊತ್ತು ಕೇಳಿ, “ಪೇರೂ ಹಾಗೇ ಇದ್ದ. ಚಮಚದಲ್ಲಿ ಹಾಕ್ತಿದ್ದೆ. ಅರ್ಧ ಗಂಟೆ ಹಿಡೀತಿತ್ತು” ಎಂದಳು. ಮತ್ತೆ ಕೇಳಿಸಿಕೊಂಡಳು. “ಚರ್ಚಲ್ಲಿ ಆಡಿದ್ದು ನನಗೆ ನೆನಪಿದೆ ಮಾಲಿನ್.” ಅದಕ್ಕೆ ಆ ಕಡೆಯಿಂದ ಏನು ಬಂತೋ, ಅವಳ ಮುಖ ನೋಡಿ ಹೇಳುವಂತಿರಲಿಲ್ಲ. ಫೋನನ್ನು ಡಾಗ್ನಿಗೆ ಚಾಚಿದಳು.

“ಪುಸ್ತಕ ಅಲ್ಲೇ ಇರಲಿ,” ಎಂದಳು ಮಾಲಿನ್. ದನಿ ಒಣಗಿತ್ತು. “ನಾಳೆ ನಾನೇ ಓದ್ತೀನಿ. ಇವತ್ತು ಬೇರೆ ಏನಾದ್ರೂ ಓದಲಿ.”

“ಆಯ್ತು.”

“ನೀವು ಮೊದಲು ನನಗೇ ಫೋನ್ ಮಾಡ್ಬೇಕಿತ್ತು.”

“ಹೌದು.”

ಮಾಲಿನ್ ಫೋನ್ ಇಟ್ಟಳು. ಕ್ಷಮಿಸಿದಳೋ ಇಲ್ಲವೋ ಎಂದು ಕೇಳುವುದಕ್ಕೆ ಇನ್ನು ಯಾರೂ ಇರಲಿಲ್ಲ.

ಆಗಲೇ ಬಾಗಿಲು ದಡಾರನೆ ತೆರೆಯಿತು. ಹಿಯಾಲ್ಮರ್ ಬೂಟು ಒದರಿ ಎಸೆದು, ಮೈಯೆಲ್ಲ ಹಿಮ ಉದುರಿಸುತ್ತಾ ಒಳಗೆ ಬಂದ. ಚೀಲ ಡಾಗ್ನಿಯ ಪಕ್ಕದಲ್ಲಿ ಬಾಯಿ ತೆರೆದು ಕೂತಿತ್ತು.

“ಸೇಬಿನ ಪುಸ್ತಕ,” ಎಂದ. ಅವರು ಕೈ ಚಾಚುವ ಮೊದಲೇ ಒಂದನ್ನು ಎಳೆದು ತೆಗೆದಿದ್ದ.

ಸ್ವೇಯಾ ಡಾಗ್ನಿಯನ್ನು ನೋಡಿದಳು. ಡಾಗ್ನಿ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು. ಕಿತ್ತುಕೊಂಡರೆ ಅದು ಮುಟ್ಟಬಾರದ ಪುಸ್ತಕವಾಗುತ್ತದೆ, ನಾಳೆ ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ತೆರೆಯುವ ಹೊತ್ತಿಗೆ ಅವನಿಗೆ ಅದರ ಭಯ ಬಂದಿರುತ್ತದೆ.

“ಅದು ಅಮ್ಮ ತರಿಸಿದ್ದು,” ಎಂದಳು. “ನಾಳೆ ಅಮ್ಮಾನೇ ನಿನಗೆ ಓದ್ತಾಳಂತೆ. ಇವತ್ತು ಹೊರಗಿನ ಚಿತ್ರ ನೋಡಬಹುದು. ಒಳಗೆ ನಾಳೆ.”

ಅವನು ಬೆಂಚಿನ ಮೇಲೆ ಕೂತು ಮೇಲುಹೊದಿಕೆ ನೋಡಿದ. ಅಣ್ಣ ಜಾರುಬಂಡಿ ಎಳೆಯುತ್ತಿದ್ದಾನೆ, ಹಿಂದೆ ತಂಗಿ ಕೂತಿದ್ದಾಳೆ, ಪುಟ್ಟ ಮೂಗು, ಓರೆಗಣ್ಣು, ಚಳಿಗಾಳಿಗೆ ನಾಲಿಗೆ ಚಾಚಿದ್ದಾಳೆ. ಹಿಯಾಲ್ಮರ್ ಬಹಳ ಹೊತ್ತು ನೋಡಿದ. ಸ್ವೇಯಾ ಸಾರಿನ ಪಾತ್ರೆಯ ಕಡೆ ತಿರುಗಿ, ತಿರುವುವುದಕ್ಕೇನೂ ಇಲ್ಲದಿದ್ದರೂ ತಿರುವುತ್ತಿದ್ದಳು.

“ಇವಳು ಸರಿಯಾಗಿ ಹಿಡ್ಕೊಂಡಿಲ್ಲ,” ಎಂದ.

“ಹೌದಲ್ಲ.”

“ಬಿದ್ದುಹೋಗ್ತಾಳೆ. ಇವನು ಹಿಂದೆ ನೋಡ್ತಾನೇ ಇಲ್ಲ.” ಬೆರಳಿಂದ ಅಣ್ಣನ ತಲೆ ಕುಟ್ಟಿದ. “ಒಳಗೆ ಬೀಳ್ತಾಳಾ?”

ಒಂಬತ್ತನೆಯ ಪುಟದಲ್ಲಿ ಬೀಳುತ್ತಾಳೆ. ಡಾಗ್ನಿಗೆ ಆ ಪುಸ್ತಕ ಬಾಯಿಗೆ ಬರುತ್ತಿತ್ತು.

“ನಾಳೆ ಗೊತ್ತಾಗುತ್ತೆ.”

“ನಿನಗೆ ಗೊತ್ತು ತಾನೆ?”

“ಗೊತ್ತು.”

“ಹೇಳಲ್ವಾ?”

“ಇಲ್ಲ. ಅಮ್ಮ ಹೇಳ್ತಾಳೆ.”

ಹಿಯಾಲ್ಮರ್ ತಲೆಯೆತ್ತಿ ಅವಳ ಮುಖವನ್ನೇ ನೋಡಿದ. ಅಲ್ಲಿ ಏನಾದರೂ ಇದೆಯೋ ಎಂದು ಹುಡುಕುವ ಹಾಗೆ. ಡಾಗ್ನಿ ಮುಖ ತಿರುಗಿಸಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತೋ ಇಲ್ಲವೋ, ಪುಸ್ತಕವನ್ನು ತಾನೇ ಚೀಲದೊಳಗೆ ತುರುಕಿ, ಸಾರು ಸೀದಿದೆ ಅಜ್ಜಿ, ನನಗೆ ಬರೀ ದೋಸೆ ಸಾಕು, ಜಾಮ್ ಜಾಸ್ತಿ ಹಾಕು ಎಂದ.